ಪಿಕೆಟ್‌ನ ಮುಂದೆ ಓಡಿದವನು

ಮೈಲಾರಿಯ ಧ್ವನಿ ಸಂದೇಶ, ಸೊಲ್ಲಾಪುರದಿಂದ
೧೩ ಅಕ್ಟೋಬರ್ ೨೦೨೪

ಹ್ಞಾ ಅಕ್ಕಾ, ನಾ ಮೈಲಾರಿ. ದಸರಾಕ್ಕ ಬರಲಿಲ್ಲಂತ ಸಿಟ್ಟಾಗಿರ್ತಿ, ಗೊತ್ತೈತಿ. ಬನ್ನಿ ಬಂಗಾರ ವಾಟ್ಸಾಪಿನಾಗ ಕಳಿಸೀನಿ, ಅದನ್ನ ತಗೊಂಡು ಸುಮ್ಮನಾಗು. ಕಾರಖಾನಿ ಬಿಡಂಗಿಲ್ಲ, ಪರದೇಶದ ಆರ್ಡರ್ ಬಂದೈತಿ. ಮಗ್ಗದ ಸಪ್ಪಳ ಕೇಳಸಾಕತ್ತೈತಲ್ಲ? ತಡಿ, ಹೊರಗ ಬರ್ತೀನಿ.

ಈಗ ಕೇಳು. ಈ ಆರ್ಡರಿನ ಟಾವೆಲ್ ಮ್ಯಾಲ ಒಬ್ಬ ಮನಶ್ಯಾನ ಚಿತ್ರ ಐತಿ. ತಲಿಮ್ಯಾಲ ಡಬರಿ ಬೋರಲ ಹಾಕಿದಂಥ ಟೊಪಗಿ. ಭುಜ ಅಂದ್ರ ನಮ್ಮೂರ ಅಗಸಿ ಬಾಗಲದಷ್ಟ ಅಗಲ. ಬಗಲಾಗ ಏನೋ ಅವಚಿಕೊಂಡು ಓಡಾಕತ್ತಾನ. ಕೆಳಗ ಹೆಸರು, ಇಪ್ಪತ್ತೆಂಟ ಅಂತ ನಂಬರ, ಅದರ ಕೆಳಗ ೨೦೧೪, ಒಂದ ಗೀಟು, ೨೦೨೩. ಅಂಚು ಹೊಲಿಯೋ ಸುಗಲಾಬಾಯಿ ಆಯಿ ಅದನ್ನ ನೋಡಿದಾಕಿನ ಮಷೀನ್ ನಿಲ್ಲಿಸಿ, "ಅಯ್ಯ ನನ್ನಪ್ಪಾ, ಹೋಗಿಬಿಟ್ಟಾನಲ್ಲೋ" ಅಂದ್ಳು. ನಮ್ಮ ಕಡಿ ಹೆಸರಿನ ಕೆಳಗ ಎರಡ ಇಸವಿ ಬಂದ್ವಂದ್ರ ಮುಗೀತ ನೋಡು, ಚೌಕದಾಗ ಶ್ರದ್ಧಾಂಜಲಿ ಬ್ಯಾನರ್. ಅದರಾಗ ಇದು ಟಾವೆಲ್. ದುಃಖದ ಮನಿಗಿ ಬೀಗರು ತಗೊಂಡ ಹೋಗೂದು ಟಾವೆಲ್ಲ. ಮುಕಾದಮ ಬಂಡೆಪ್ಪ ಬೆರಳ ಮಡಚಿ ಲೆಕ್ಕಾ ಹಾಕಿ, "ಆಯಿ, ಇದು ಒಂಬತ್ತ ವರ್ಷದ ಕೂಸು" ಅಂದ.

"ಒಂಬತ್ತ ವರ್ಷಕ್ಕ ಇಂಥಾ ಭುಜ ಏನೋ?"

"ಅಮೇರಿಕಾದ ಹಾಲ ಆಯಿ. ನಮ್ಮ ಗವಳಿಯಂಗ ನೀರ ಕೂಡಸಂಗಿಲ್ಲ ಅವರು."

ಯಾರೂ ನಗಲಿಲ್ಲ ಅಕ್ಕಾ. ಆಯಿ ಆ ಟಾವೆಲ್ ಕಣ್ಣಿಗಿ ಒತ್ತಿಕೊಂಡು ಗಂಟಿನಾಗ ಇಟ್ಳು. ನಂಗ ತಲಿಯಾಗ ಹುಳ ಬಿಟ್ಟಂಗ ಆಗೈತಿ. ಯಾರಂವ? ಹ್ಯಾಂಗ ಸತ್ತ? ಬಗಲಾಗ ಏನೈತಿ?

ಇನ್ನೊಂದ ಮಾತು, ಇದ ಖರೇ ಮಾತು. ಪಾನಿಪತ್ತಿನಾಗ ದೊಡ್ಡ ಟಾವೆಲ್ ಕಾರಖಾನಿಗಿ ಹುಡುಗುರ ಬೇಕಾಗ್ಯಾರ. ಬಂಡೆಪ್ಪನ ಅಳಿಯ ಅಲ್ಲೆ ಅದಾನ. ಹೊಸ ನಮೂನಿ ಮಗ್ಗ, ರಿಪೇರಿ ಕೆಲಸ ಕಲಸ್ತಾರಂತ. ದೀಪಾವಳಿ ಆದ ಮ್ಯಾಲ ಹೋಗೂದು. ಪುಣೆ ನೋಡಿದೆ, ಸೂರತ್ ನೋಡಿದೆ, ಇದೊಂದ ನೋಡ್ತೀನಿ. ಅಪ್ಪಗ ಕೇಳು, ಹಿಂಡಿನ ಕಾಳಜಿ ಏನಿಲ್ಲಲ್ಲ? ಹಿಂಡ ಮೇವಿಗಿ ಹೊಂಟಾಗ ಭೀಮಣ್ಣ ಮಾವ ಮುಂದ ಹೋಗ್ತಾನ, ಹೊಲ ನೋಡ್ತಾನ, ಗೊಬ್ಬರಕ್ಕ ರಾತ್ರಿ ಕುರಿ ಕೂಡಸಾಕ ಹೊಲದವರ ಕೂಡ ಮಾತಾಡಿ ಒಪ್ಪಸ್ತಾನ. ಅಪ್ಪ ಹಿಂದ ಕುರಿ ತರ್ತಾನ. ನಾ ಹುಟ್ಟಿದಾಗಿಂದ ಇದನ್ನ ನೋಡೀನಿ. ಅವರಿಬ್ಬರ ನಡುವ ನಂದೇನ ಕೆಲಸ? ಅಪ್ಪ ಹ್ಞೂಂ ಅಂದ್ರ ನಾ ಹೊಂಟೆ.

ಮತ್ತ ನೀ ಸಾಲಿ ಕಲಸೋ ಬಾಯಿಯಂಗ ಉದ್ದಕ ಬರೀಬ್ಯಾಡ. ನಾ ಮರಾಠಿ ಸಾಲ್ಯಾಗ ಕಲತಾಂವ, ನಿನ್ನ ಕನ್ನಡ ಒಂದೊಂದ ಅಕ್ಷರ ಜೋಡಿಸಿ ಓದಬೇಕು.


ಪ್ರಣಿತಾಳ ಪತ್ರ, ವಾಗದರಿಯಿಂದ
೧೭ ಅಕ್ಟೋಬರ್ ೨೦೨೪

ಪ್ರೀತಿಯ ತಮ್ಮ ಮೈಲಾರಲಿಂಗನಿಗೆ,

ಬೇಡವೆಂದರೂ ಉದ್ದವಾಗಿಯೇ ಬರೆಯುತ್ತೇನೆ. ಜೋಡಿಸಿ ಓದು. ನನ್ನ ಎರಡನೆಯ ತರಗತಿಯ ಮಕ್ಕಳು ಜೋಡಿಸಿ ಓದುತ್ತಾರೆ, ಅಳುವುದಿಲ್ಲ.

ನಿನ್ನ ಧ್ವನಿಯನ್ನು ಅವ್ವ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು. ಸತ್ತ ಕೂಸಿನ ಭಾಗ ಬಂದಾಗ ಅವಳಿಗೆ ಕಣ್ಣು ತುಂಬಿತು. "ಅವನ ಹಡದಾಕಿ ಹ್ಯಾಂಗ ತಡಕೊಂಡಿದ್ದಾಳ" ಎಂದಳು. ಪಾನಿಪತ್ತಿನ ಭಾಗಕ್ಕೆ ಬಂದಾಗ ಕಣ್ಣು ಒರೆಸಿಕೊಂಡು, "ಇಂವ ಕಾಲಾಗ ಚಕ್ರ ಕಟ್ಟಕೊಂಡ ಹುಟ್ಯಾನ. ಹೆರಿಗಿ ಮಾಡಿಸಿದ ಸೂಲಗಿತ್ತಿ ನಂಗ ಹೇಳಿದ್ದಿಲ್ಲ, ಇಲ್ಲಾಂದ್ರ ಆಗ ಬಿಚ್ಚಿಡ್ತಿದ್ದೆ" ಎಂದಳು.

ಅಪ್ಪ ಹಟ್ಟಿಯಲ್ಲಿ ಒಂದು ಕುರಿಯ ಗೊರಸು ಕೊಯ್ಯುತ್ತಿದ್ದ. ನಾನು ಕೇಳಿದೆ. ಗೊರಸು ಪೂರ್ತಿ ಕೊಯ್ದು ಮುಗಿಸಿದ. ಅಪ್ಪ ನಿನಗೆ ಗೊತ್ತಲ್ಲ, ಕುರಿಗಳ ಜೊತೆ ದಿನವಿಡೀ ಮಾತಾಡುತ್ತಾನೆ, ಮನುಷ್ಯರು ಎದುರು ಬಂದರೆ ಬಾಯಿಗೆ ಬೀಗ. ಕುರಿಯನ್ನು ಬಿಟ್ಟ ಮೇಲೆ, "ಹೋಗ್ಲಿ ಅನ್ನು. ಆ ಕಡಿ ಚಳಿ ಭಾಳಂತ, ಕಂಬಳಿ ಒಯ್ಯಾಕ ಹೇಳು" ಎಂದ.

ಹಿಂಡಿನ ಬಗ್ಗೆ ಕೇಳಿದ್ದೀ. ಈ ಸಲ ಮರಿಗಳು ಚೆನ್ನಾಗಿ ಬೆಳೆದಿವೆ. ಭೀಮಣ್ಣ ಮಾವ ಕುಂಭಾರಿಗೆ, ಮಗನ ಮನೆಗೆ ಹೋಗಿದ್ದಾನೆ. ಹಿಂಡು ಹೊರಡುವುದು ದೀಪಾವಳಿಯ ಪಾಡ್ಯ ಕಳೆದ ಮೇಲಲ್ಲವೇ, ಇನ್ನೂ ಸಮಯವಿದೆ.

ಬಗಲಲ್ಲಿ ಇರುವುದು ಏನೆಂದು ತಿಳಿದರೆ ಹೇಳು. ಅವ್ವ ಕೇಳುತ್ತಿದ್ದಾಳೆ.

ನಿನ್ನ ಅಕ್ಕ,
ಪ್ರಣಿತಾ


ಮೈಲಾರಿಯ ಧ್ವನಿ ಸಂದೇಶ, ಸೊಲ್ಲಾಪುರದಿಂದ
೨೧ ಅಕ್ಟೋಬರ್ ೨೦೨೪

ಅಕ್ಕಾ! ಸತ್ತಿಲ್ಲ! ಜಿಂದಾ ಅದಾನ! ಮೊದಲ ಅವ್ವಗ ಹೇಳು, ಕಣ್ಣೀರ ವಾಪಸ್ ತಗೋ ಅನ್ನು.

ಅವನ ಹೆಸರ ಡೆಲ್‌ರಾಯ್ ಪಿಕೆಟ್. ಆಟಗಾರ. ಆ ಇಸವಿ ಹುಟ್ಟಿದ್ದು ಸತ್ತದ್ದು ಅಲ್ಲ, ಆಟ ಚಾಲೂ ಮಾಡಿದ್ದು ಬಿಟ್ಟದ್ದು. ಆಟ ಬಿಟ್ಟಾಂವಗ ಮಾನ ಮಾಡಾಕ ಮೈದಾನದಾಗಿನ ಮಂದಿಗೆಲ್ಲಾ ಟಾವೆಲ್ ಹಂಚ್ತಾರಂತ. ಎಲ್ಲಾರೂ ಕೂಡೇ ಬೀಸ್ತಾರ. ಸುಗಲಾಬಾಯಿ ಆಯಿಗಿ ಹೇಳಿದ್ರ ನಂಬವಲ್ಲಳು. "ಬದಕಿದಾಂವನ ಹೆಸರಿನ ಕೆಳಗ ಗೀಟ ಎಳದು ಯಾಕ ಮುಚ್ಚತಾರೋ, ಅಪಶಕುನ" ಅಂತ ಬೈದಳು. ಖರೇ ಐತಿ ನೋಡು. ಕೆಲಸ ಬಿಟ್ರ ಸತ್ತಂಗ ಏನು?

ಆಟದ ಹೆಸರು ಫುಟ್ಬಾಲ್. ಆದ್ರ ಕಾಲಿಂದ ಒದ್ಯಾಂಗಿಲ್ಲ, ಕೈಯಾಗ ಹಿಡ್ಕೊಂಡ ಓಡ್ತಾರ. ಬಗಲಾಗ ಇರೂದು ಚಂಡು, ಸುಲದ ತೆಂಗಿನಕಾಯಿ ಆಕಾರ. ಎದುರಿಗಿ ಹನ್ನೊಂದ ಮಂದಿ, ಒಬ್ಬೊಬ್ಬ ಖಿಲ್ಲಾರಿ ಹೋರಿ. ಅವರು ಕೆಡವೂದ್ರೊಳಗ ಎಷ್ಟ ದೂರ ಹೋದಿ ಅನ್ನೂದ ಲೆಕ್ಕ. ಪಿಕೆಟ್‌ನಂಥ ಓಡಾಂವಗ ರನಿಂಗ್ ಬ್ಯಾಕ್ ಅಂತಾರ. ಮತ್ತ ಮಜಾ ಕೇಳು, ಓಟ ಅವರು ವಾರದ ಲೆಕ್ಕದಾಗ, ಅಂದ್ರ ಗಜದ ಲೆಕ್ಕದಾಗ ಅಳೀತಾರ! ನಾವ್ ಬಟ್ಟಿ ಅಳದಂಗ. ಇಂವ ಇಂದ ಇಷ್ಟ ವಾರ ಓಡಿದ, ನಾಳೆ ಇಷ್ಟ ವಾರ. ಅಂವ ಜಲ್ಮದಾಗ ಓಡಿದ್ದೆಲ್ಲಾ ಹಾಸಿದ್ರ ಇಡೀ ಸೊಲ್ಲಾಪುರಕ್ಕ ಸೀರಿ ಆಗ್ತಾವು.

ಹುಟ್ಟಿದ್ದು ಹತ್ತಿ ಬೆಳಿಯೋ ಸಣ್ಣ ಊರಾಗ. ಅಪ್ಪ ಇಲ್ಲ. ತಾಯಿ ಒಂದ ಹೋಟೆಲಿನಾಗ ಚಾದರ ಟಾವೆಲ್ ಒಗ್ಯಾಕಿ. ಇಂವ ಸಾಲಿ ಬಿಟ್ಟ ಕೂಡ್ಲೆ ಅಲ್ಲಿಗಿ ಓಡಿ ಹೋಗಿ ಹಸಿ ಗಂಟ ಹೊರತಿದ್ದ. ಹಸಿ ಟಾವೆಲಿನ ಗಂಟು ಎಷ್ಟ ಭಾರ ಅಂತ ನನಗ ಕೇಳು! ಎದಿಗಿ ಅವಚಿ ಹಿಡಿದ್ರನ ಬರೂದು, ಇಲ್ಲಾಂದ್ರ ಜಾರತೈತಿ. ಚಂಡ ಹಿಡಿಯೂದು ಅಲ್ಲೇ ಕಲತೆ ಅಂತ ಅವನ ಹೇಳ್ಯಾನ. ಕಾಲೇಜಿನವರು ಮೊದಲ ಬ್ಯಾಡ ಅಂದ್ರು, ಗಿಡ್ಡ ಅದಾನ ಅಂತ. ದೊಡ್ಡ ತಂಡಕ್ಕ ಬಂದ ಮೊದಲ ವರ್ಷ ಹೊರಗ ಬೆಂಚಿನ ಮ್ಯಾಲ ಕುಂದ್ರಿಸಿದ್ರು. ಒಂದಿನ ಚಂಡ ಹಿಡದ ಓಡಾಂವಗ ಪೆಟ್ಟಾತು, ಇವಗ ಹೋಗಂದ್ರು. ಹೋದ. ಅಕ್ಕಾ, ಅವತ್ತಿನ ಓಟ ವೀಡಿಯೋ ಕಳಿಸೀನಿ, ನೋಡು. ಎಲ್ಲಾರೂ ಎಡಕ್ಕ ಬೀಳ್ತಾರ, ಇಂವ ಬಲಕ್ಕ ಇರ್ತಾನ. ಗಾಳಿಗಿ ಹೊಟ್ಟ ತೂರಿದಂಗ ಮಂದಿ ತೂರಿ ಹೋಗ್ತಾರ!

ಪಾನಿಪತ್ ಪಕ್ಕಾ ಆತು. ಇಪ್ಪತ್ತನೇ ತಾರೀಖ, ನವೆಂಬರ್. ಬಂಡೆಪ್ಪಗ ಹ್ಞೂಂ ಅಂದೀನಿ.


ಪ್ರಣಿತಾಳ ಪತ್ರ, ವಾಗದರಿಯಿಂದ
೨೭ ಅಕ್ಟೋಬರ್ ೨೦೨೪

ಪ್ರೀತಿಯ ತಮ್ಮನಿಗೆ,

ನಿನ್ನ ಪಿಕೆಟ್ ಬದುಕಿದ ಸುದ್ದಿಗೆ ಅವ್ವ ಬೀರೋಬನಿಗೆ ಕಾಯಿ ಒಡೆದಳು. "ಯಾರ ಮಗ ಆದ್ರೇನು" ಎಂದಳು. ಕಾಯಿ ಸುಲಿಯುವಾಗ ಅದರ ಆಕಾರ ನೋಡಿ ಅವಳಿಗೇ ನಗು ಬಂತು.

ವೀಡಿಯೋವನ್ನು ಎಲ್ಲರೂ ಕೂಡಿ ನೋಡಿದೆವು. ನೀನು ಚೆಂಡು ಎಂದು ಹೇಳಿದ್ದನ್ನು ಅವ್ವ ಒಪ್ಪಲಿಲ್ಲ. "ಎದಿಗಿ ಹಚ್ಚಿಕೊಂಡ ರೀತಿ ನೋಡ, ಇದು ಈಗ ಹುಟ್ಟಿದ ಮರಿ. ಮರಿ ಒಯ್ಯಾವನ ಮ್ಯಾಲ ಇಷ್ಟ ಮಂದಿ ಬೀಳ್ತಾರಲ್ಲ, ಇವರ ಮನಿ ಹಾಳಾಗ" ಎಂದು ಪರದೆಗೆ ಬೈದಳು. ಪಿಕೆಟ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಬಿಸಾಡಿದಾಗ ಅವ್ವ ಎದ್ದೇ ಹೋದಳು.

ಅಪ್ಪ ಮಾತ್ರ ಕದಲಲಿಲ್ಲ. ಮತ್ತೊಮ್ಮೆ ಹಾಕು ಎಂದ. ಮತ್ತೊಮ್ಮೆ. ಅಪ್ಪ ಇಷ್ಟು ಹೊತ್ತು ಫೋನು ನೋಡಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಬೆರಳಿಟ್ಟು ಕೇಳಿದ: "ಇಂವ ಯಾರು? ನಲವತ್ತೊಂದ ನಂಬರಿನಾಂವ?" ಅವನು ಪಿಕೆಟ್‌ನ ಮುಂದೆ ಓಡುತ್ತಿದ್ದ. ನಾನು ಅವನನ್ನು ನೋಡಿಯೇ ಇರಲಿಲ್ಲ. ನೀನು ನೋಡಿದ್ದೀಯಾ?

ನವೆಂಬರ್ ಇಪ್ಪತ್ತು ಎಂದು ತಿಳಿಸಿದೆ. ಅಪ್ಪ ತಲೆಯಾಡಿಸಿದ. ನಿನ್ನೆ ಅಕ್ಕಲಕೋಟದಿಂದ ಧರೆಪ್ಪ ಬಂದಿದ್ದ, ಕುರಿ ವ್ಯಾಪಾರದ ಧರೆಪ್ಪ. ಸುಮ್ಮನೆ ಚಹಾ ಕುಡಿದು ಹಿಂಡು ನೋಡಿ ಹೋದ.

ದೀಪಾವಳಿಗೆ ಬಾ. ಪಾಡ್ಯದ ದಿನ ಪದ್ಧತಿಯಂತೆ ಕುರಿ ಬೆದರಿಸಿ ಹಾರಿಸಲು ನೀನಿಲ್ಲದಿದ್ದರೆ ಕುರಿಗಳು ಹಾರುವುದಿಲ್ಲ, ನಮ್ಮನ್ನು ನೋಡುತ್ತಾ ನಿಲ್ಲುತ್ತವೆ.

ಪ್ರಣಿತಾ


ಮೈಲಾರಿಯ ಧ್ವನಿ ಸಂದೇಶ, ಸೊಲ್ಲಾಪುರದಿಂದ
೪ ನವೆಂಬರ್ ೨೦೨೪

ಅಕ್ಕಾ, ಬೈಬ್ಯಾಡ. ಆರ್ಡರ್ ಮುಗೀಲಿಲ್ಲ, ಪಾಡ್ಯದ ದಿನ ಸೈತ ಪಾಳಿ ಇತ್ತು. ಅಲ್ಲ, ಸುಳ್ಳ್ಯಾಕ ಹೇಳ್ಲಿ, ಒಂದ ದಿನ ಸೂಟಿ ಇತ್ತು. ಬಂದಿದ್ರ ಅವ್ವ ಅಳ್ತಿದ್ಳು, ನಂಗ ಪಾನಿಪತ್ತಿಗಿ ಹೋಗೂದ ಆಗ್ತಿದ್ದಿಲ್ಲ. ಅದಕ್ಕ ಬರಲಿಲ್ಲ.

ಈ ಹೊತ್ತಿಗಿ ಹಿಂಡು ಹೊಳಿ ದಂಡಿ ಮುಟ್ಟಿರಬೇಕಲ್ಲ? ಕಬ್ಬ ಕಡ್ಯೂದ ಚಾಲೂ ಆಗಿರತೈತಿ, ಮೇವಿಗಿ ತ್ರಾಸಿಲ್ಲ. ಅಪ್ಪನ ಫೋನ್ ಹತ್ತವಲ್ದು, ರೇಂಜ್ ಇರ್ಲಿಕ್ಕಿಲ್ಲ.

ನಲವತ್ತೊಂದ ನಂಬರಿನಾಂವ ಸಿಕ್ಕ. ಗಸ್ ಮೆರಿಲ್ ಅಂತ ಹೆಸರು. ಖರೇನ ಅಕ್ಕಾ, ನಾನೂ ನೋಡಿದ್ದಿಲ್ಲ. ಈಗ ಹಳೇ ವೀಡಿಯೋ ಎಲ್ಲಾ ತಿರುಗಿ ನೋಡಿದೆ, ಎಲ್ಲಾದ್ರಾಗೂ ಅದಾನ! ಪಿಕೆಟ್ ಚಂಡ ಹಿಡ್ಯೂಕಿಂತ ಮೊದಲ ಇಂವ ಮುಂದ ಹೋಗಿರ್ತಾನ. ಚಂಡ ಇವನ ಕೈಗಿ ಬರಂಗಿಲ್ಲ. ಇವನ ಕೆಲಸ ಒಂದ, ಬಂದಾಂವಗ ಎದಿ ಕೊಟ್ಟು ಬಾಜೂ ಸರಸೂದು. ಫುಲ್‌ಬ್ಯಾಕ್ ಅಂತಾರಂತ. ಇಂವ ಎಡಕ್ಕ ವಾಲಿದ ಅಂದ್ರ ಪಿಕೆಟ್ ಬಲಕ್ಕ ಹೊಳ್ಳತಾನ, ಕಣ್ಣ ಮುಚ್ಚಿ ನಂಬಿದಂಗ. ನೆಲಕ್ಕ ಬಿದ್ದು ಮಣ್ಣಾಗ ಮಕಾ ಹಾಕಿರ್ತಾನ, ಕ್ಯಾಮೆರಾ ಪಿಕೆಟ್‌ನ ಹಿಂದ ಹೋಗಿಬಿಟ್ಟಿರತೈತಿ. ಇವನ ಹೆಸರಲೆ ಟಾವೆಲ್ ಇಲ್ಲ. ಏಳ ವರ್ಷ ಇಬ್ಬರೂ ಒಂದ ಖೋಲ್ಯಾಗ ಇದ್ರಂತ, ಮಾತು ಮಾತ್ರ ಇಂವ ಆಡೂದು, ಪಿಕೆಟ್ ಮೂಕ. ಪತ್ರಕರ್ತರು ಬಂದ್ರ ಪಿಕೆಟ್ ಇವನ ಹಿಂದ ಅಡಗ್ತಿದ್ದ.

ಈಗ ನನ್ನ ತಲಿ ತಿನ್ನೂದು ಒಂದ ಮಾತು. ಪಿಕೆಟ್ ಬಿಟ್ಟದ್ದ್ಯಾಕ? ಇನ್ನೊಂದ ವರ್ಷ ಓಡಿದ್ರ ಜಗತ್ತಿನಾಗ ಎಲ್ಲಾರಕಿಂತ ಹೆಚ್ಚ ವಾರ ಅವಂದ ಆಗ್ತಿತ್ತು. ಕಾಲ ಗಟ್ಟಿ ಅದಾವು, ವಯಸ್ಸ ಐತಿ, ತಂಡದವರು ಕೈ ಜೋಡಸಾಕತ್ತಾರ. ಒಂದಿನ ಮೈಕಿನ ಮುಂದ ಬಂದು "ನಂದ ಸಾಕು" ಅಂದು ಎದ್ದ ಹೋದ. ಮುಗೀತು. ಒಬ್ಬರು ಮೊಣಕಾಲು ಅಂತಾರ, ಒಬ್ಬರು ಮಾಲಕನ ಕೂಡ ಜಗಳ ಅಂತಾರ, ಒಬ್ಬರು ಹೇಂತಿ ಅಂತಾರ. ಯಾರಿಗೂ ಗೊತ್ತಿಲ್ಲ. ಓಡಾಕ ಬರಾಂವ ನಿಲ್ತಾನಂದ್ರ ಹ್ಯಾಂಗ? ನಾ ಆಗಿದ್ರ ನಿಲ್ತಿದ್ದಿಲ್ಲ ನೋಡು. ಅಪ್ಪ ಸಿಕ್ಕ್ರ ಕೇಳು, ಏನಂತಾನ.


ಪ್ರಣಿತಾಳ ಪತ್ರ, ವಾಗದರಿಯಿಂದ
೭ ನವೆಂಬರ್ ೨೦೨೪

ತಮ್ಮಾ,

ಅಪ್ಪನನ್ನು ಕೇಳಿದೆ.  ಊಟಕ್ಕೆ ಕೂತಾಗ ಒಂದು ಪ್ರಶ್ನೆಯನ್ನೇ ತಿರುಗಿ ಕೇಳಿದ.

"ಆ ಮುಂದ ಹೋಗಾಂವ ಕಡೀ ವರ್ಷ ಇದ್ನೇನು? ನೋಡಾಕ ಹೇಳು."

ಇಷ್ಟೇ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅಪ್ಪ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಎದ್ದ.

ಮರಿಗಳು ಚೆನ್ನಾಗಿವೆ. ಚಳಿ ಶುರುವಾಗಿದೆ. ನಿನ್ನ ಕಂಬಳಿಯನ್ನು ಅವ್ವ ಒಗೆದು ಒಣಗಿಸಿದ್ದಾಳೆ, ಇಪ್ಪತ್ತರೊಳಗೆ ಯಾರ ಕೈಯಲ್ಲಾದರೂ ಕಳಿಸುತ್ತೇವೆ.

ಪ್ರಣಿತಾ


ಮೈಲಾರಿಯ ಧ್ವನಿ ಸಂದೇಶ, ಸೊಲ್ಲಾಪುರದಿಂದ
೯ ನವೆಂಬರ್ ೨೦೨೪

ಇದ್ದಿಲ್ಲ ಅಕ್ಕಾ! ಅಪ್ಪ ಹ್ಯಾಂಗ ಹಿಡದ? ಕಡೀ ವರ್ಷದ ಒಂದ ವೀಡಿಯೋದಾಗೂ ನಲವತ್ತೊಂದ ಇಲ್ಲ. ಗಸ್ ಮೆರಿಲ್ ಕುತಿಗಿಗಿ ಪೆಟ್ಟಾಗಿ ಅದರ ಮೊದಲಿನ ವರ್ಷ ಆಟ ಬಿಟ್ಟಿದ್ದ. ಅವನ ಜಾಗಾಕ್ಕ ಹೊಸಾ ಹುಡುಗ ಬಂದಿದ್ದ, ಒಳ್ಳೇ ಗಟ್ಟಿ ಹುಡುಗ. ಪಿಕೆಟ್ ಆ ವರ್ಷನೂ ಓಡ್ಯಾನ, ಬರೋಬ್ಬರಿ ಓಡ್ಯಾನ, ಪೇಪರಿನಾಂವ್ರು ಹೊಗಳ್ಯಾರ. ಆದ್ರ ಸಾವಕಾಶ ಮಾಡಿ ನೋಡಿದ್ರ ಒಂದ ಕಾಣತೈತಿ. ಚಂಡ ಕೈಗಿ ಬಂದ ಕೂಡ್ಲೆ ಅರ್ಧ ಹೆಜ್ಜಿ ನಿಲ್ತಾನ. ಮುಂದ ನೋಡ್ತಾನ. ಆಮ್ಯಾಲ ಓಡ್ತಾನ. ಮೊದಲ ಹಂಗ ಇದ್ದಿಲ್ಲ.

ಅದರ ಸಲುವಾಗಿ ಬಿಟ್ಟ ಅಂತೇನು? ನನಗೇನ ಒಪ್ಪಗಿ ಆಗವಲ್ದು. ಒಬ್ಬ ಹೋದ್ರ ಇನ್ನೊಬ್ಬ ಬರ್ತಾನ, ಅದಕ್ಕ ಆಟ ಬಿಡ್ತಾರೇನು? ಅಪ್ಪಗ ಹೇಳು, ಅದೊಂದ ಕಾರಣ ಆಗಂಗಿಲ್ಲ, ಬ್ಯಾರೆ ಹುಡುಕಂತ.


ಮೈಲಾರಿಯ ಧ್ವನಿ ಸಂದೇಶ, ಸೊಲ್ಲಾಪುರದಿಂದ
೧೦ ನವೆಂಬರ್ ೨೦೨೪

ಪ್ರಣಿತಾ. ಈಗ ನಾ ಕೇಳಿದ್ದಕ್ಕ ಸೀದಾ ಉತ್ತರ ಕೊಡು.

ಭೀಮಣ್ಣ ಮಾವನ ಮಗ ಸ್ವಪ್ನಿಲ ಸ್ಟೇಟಸ್ ಇಟ್ಟಾನ. ಮಾವ ಖಾಕಿ ಅಂಗಿ ಹಾಕ್ಕೊಂಡು, ಕೈಯಾಗ ಸೀಟಿ ಹಿಡ್ಕೊಂಡು, ಕುಂಭಾರಿ ರೋಡಿನ ಮದವಿ ಮಂಗಲ ಕಾರ್ಯಾಲಯದ ಗೇಟಿನಾಗ ನಿಂತಾನ. "ಪಪ್ಪಾ, ನವೀ ಡ್ಯೂಟಿ" ಅಂತ ಬರದಾನ, ಮ್ಯಾಲ ಹೂವಿನ ಚಿತ್ರ. ಒಂದ ತಿಂಗಳ ಆತಂತ.

ಮಾವ ಗೇಟ್ ಕಾಯಾಕತ್ತಾನಂದ್ರ ಅಪ್ಪನ ಮುಂದ ಯಾರ ಹೋಗ್ಯಾರ? ಹಿಂಡ ಎಲ್ಲೈತಿ? ಅಪ್ಪ ಮನ್ಯಾಗ ಊಟಕ್ಕ ಕುಂತಿದ್ದ ಅಂತ ಬರದಿದ್ದಿ, ನಾ ಅಕ್ಷರ ಜೋಡಸೂದ್ರಾಗ ಅದನ್ನ ಬಿಟ್ಟೆ. ಪಾಡ್ಯ ಆಗಿ ಎಂಟ ದಿನ ಆದ್ರೂ ಅಪ್ಪ ಮನ್ಯಾಗ ಯಾಕ ಅದಾನ? ಧರೆಪ್ಪ ಬರೇ ಚಹಾ ಕುಡ್ಯಾಕ ಬರಾಂವೇನು?

ಮರಿ ಚೆನ್ನಾಗಿವೆ, ಮರಿ ಚೆನ್ನಾಗಿವೆ. ಪುಸ್ತಕದ ಕನ್ನಡದಾಗ ನನಗ ಕಣ್ಣಿಗಿ ಮಣ್ಣ ಹಾಕಿದಿ ನೀ.


ಪ್ರಣಿತಾಳ ಪತ್ರ, ವಾಗದರಿಯಿಂದ
೧೧ ನವೆಂಬರ್ ೨೦೨೪

ಮೈಲಾರಿ,

ಹೌದು. ಹಿಂಡು ಹೊರಟಿಲ್ಲ.

ದಸರೆಗೂ ಮೊದಲು ಭೀಮಣ್ಣ ಮಾವ ಬಂದು, "ಮಗ ಕರಿಯಾಕತ್ತಾನ, ನಾ ಈ ಸಲ ಬರಂಗಿಲ್ಲ" ಎಂದು ಹೇಳಿ ಹೋದ. ಅಪ್ಪ ಯಾಕೆಂದು ಕೇಳಲಿಲ್ಲ. ಅವ್ವ ಕೇಳು ಎಂದಳು, ಕೇಳಲಿಲ್ಲ. ಅವ್ವ ತಾನೇ ಮುಂದೆ ಹೋಗಿ ಹೊಲ ಕೇಳುತ್ತೇನೆ ಎಂದಳು. ಆದರೆ ಕುದುರೆಯ ಮೇಲೆ ಬಿಡಾರ ಹೇರಿ, ಎಳೆ ಮರಿಗಳನ್ನು ನೋಡಿಕೊಂಡು ನಡೆಯುವವರು ಯಾರು? ನನಗೆ ಶಾಲೆ. ಅಪ್ಪ ಒಂದು ದಿನ ತಾನೇ ಮುಂದಿನ ಊರಿಗೆ ಹೋಗಿ ಬಂದ. ಯಾರದೋ ಹೊಲದ ಬದುವಿನ ಮೇಲೆ ನಿಂತು, ಮಾಲೀಕ ಎದುರಿಗೆ ಬಂದಾಗ, ದಾರಿ ತಪ್ಪಿದವನ ಹಾಗೆ ತಿರುಗಿ ಬಂದನಂತೆ. ಅವ್ವನಿಗೆ ಮಾತ್ರ ಹೇಳಿದ.

ಇಲ್ಲಿನ ಮೇವು ಮುಗಿಯುತ್ತ ಬಂದಿದೆ. ಧರೆಪ್ಪ ಮುಂದಿನ ವಾರ ಬಂದು ಹಿಂಡನ್ನೇ ಒಯ್ಯುವೆನೆಂದು ಹೇಳಿದ್ದಾನೆ. ಅಪ್ಪ ಇನ್ನೂ ಹೂಂ ಎಂದಿಲ್ಲ, ಬೇಡವೆಂದೂ ಹೇಳಿಲ್ಲ.

ನಿನಗೆ ಹೇಳಬಾರದೆಂದು ಅಪ್ಪನೇ ಅಂದಿದ್ದು. "ಅವಗ ಹೇಳಿದ್ರ ಬರ್ತಾನ. ಬಂದು ಹಿಂಡಿನ ಹಿಂದ ನಡದು ಸಿಟ್ಟಲೆ ಸಾಯ್ತಾನ. ಹೋಗ್ಲಿ." ನನಗೂ ಹಾಗೆಯೇ ಅನ್ನಿಸಿತು. ನೀನು ಒಂದು ಕಡೆ ನಿಲ್ಲುವವನಲ್ಲ, ಕುರಿಗಳ ನಿಧಾನ ನಿನಗೆ ಆಗಿಬರುವುದಿಲ್ಲ. ಪಾನಿಪತ್ತಿಗೆ ಹೋಗು. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ.

ಪಿಕೆಟ್ ಯಾಕೆ ಬಿಟ್ಟನೆಂಬುದು ನಮಗೆ ಗೊತ್ತಾಗುವುದಿಲ್ಲ, ತಮ್ಮಾ. ಅಪ್ಪ ಹೇಳಿದ್ದು ಪಿಕೆಟ್‌ನ ವಿಷಯವೂ ಅಲ್ಲವೇನೋ.

ಪ್ರಣಿತಾ


ಮೈಲಾರಿಯ ಧ್ವನಿ ಸಂದೇಶ, ಕುಂಭಾರಿಯಿಂದ
೧೪ ನವೆಂಬರ್ ೨೦೨೪

ಅಕ್ಕಾ, ರೋಡಿನ ಬಾಜೂಕ ನಿಂತೀನಿ, ಲಾರಿ ಸಪ್ಪಳ ಬರ್ತೈತಿ, ಸಂಭಾಳಿಸಿ ಕೇಳು. ಮಾವನ ಭೇಟ್ಟಿ ಆಗಿ ಬಂದೆ.

ಸಿಟ್ಟಲೇ ಹೋಗಿದ್ದೆ. ಗೇಟಿನಾಗ ಕುರ್ಚಿ ಹಾಕ್ಕೊಂಡ ಕುಂತಿದ್ದ. "ಏನ ಮಾವಾ, ಪೊಲೀಸ ಭರ್ತಿ ಆಗಿಯೇನು?" ಅಂದೆ. ನನ್ನ ಕಡಿ ನೋಡಿ, "ಯಾರದು?" ಅಂದ. ನಕಲಿ ಮಾಡಾಕತ್ತಾನಂತ ತಿಳಕೊಂಡೆ. ಹತ್ತರ ಹೋಗಿ ನಿಂತ ಮ್ಯಾಲ, "ಅರೆ, ಮೈಲಾರೀ!" ಅಂತ ತೆಕ್ಕಿ ಬಡದ. ಅಕ್ಕಾ, ಮಾವಗ ಕಣ್ಣ ಕಾಣವಲ್ವು. ಬರೇ ನೆರಳ ಕಾಣ್ತಾವಂತ. ಗೇಟಿಗಿ ಬಂದ ಕಾರ್ ಹಾರ್ನ್ ಹೊಡದ್ರ ತಗೀತಾನ, ಅಷ್ಟ. ಸ್ವಪ್ನಿಲಗ ಬಿಟ್ಟು ಯಾರಿಗೂ ಗೊತ್ತಿಲ್ಲ.

ಹೋದ ವರ್ಷ ಹೊತ್ತ ಮುಳಗೂ ಮುಂದ ಮಾವ ಖಾಲಿ ಹೊಲ ಅಂತ ತಿಳಕೊಂಡು ಬೆಳದು ನಿಂತ ಕಡಲಿಯಾಗ ಹಿಂಡ ಕರದಾನ. ಹೊಲದಾಂವ ಬಂದು ಅಪ್ಪಗ ಬಾಯಿಗಿ ಬಂದಂಗ ಬೈದಾನ. ಅಪ್ಪ ತಲಿ ತಗ್ಗಿಸಿ ಕೇಳ್ಯಾನ, ಮಾವನ ಹೆಸರ ಎತ್ತಿಲ್ಲ. ರಾತ್ರಿನೂ ಒಂದ ಮಾತ ಅಂದಿಲ್ಲ. "ಅಂದಿದ್ರ ಚಲೋ ಇತ್ತೋ" ಅಂದ ಮಾವ. "ಮುಂದಿನಾಂವಗ ಕಣ್ಣ ಹೋತಂದ್ರ ಹಿಂದಿನಾಂವ ಹಾಳ ಆಗ್ತಾನ. ಕಣ್ಣ ಹೋಗ್ಯಾವು ಅಂದ್ರ ನಿಮ್ಮಪ್ಪ ನಂಗ ಕೈ ಹಿಡ್ಕೊಂಡ ನಡಸ್ತಿದ್ದ, ಬಿಡ್ತಿದ್ದಿಲ್ಲ. ಅದಕ್ಕ ಮಗ ಕರದಾನ ಅಂದೆ."

ಅಪ್ಪಗ ಇದ ಗೊತ್ತಿಲ್ಲ ಅಕ್ಕಾ. ಮಾವ ತನ್ನ ಬಿಟ್ಟ ಹೋದ ಅಂತ ತಿಳಕೊಂಡಾನ. ನೀ ಹೇಳು. ಇಲ್ಲ, ತಡಿ, ಹೇಳಬ್ಯಾಡ. ಇಲ್ಲ, ಹೇಳು.

ನಾ ಪಾನಿಪತ್ ಸುದ್ದಿ ಹೇಳಿದೆ. ಅಪ್ಪನ ಹಿಂಡ ಹೊಂಟಿಲ್ಲ ಅಂತನೂ ಹೇಳಿದೆ. ಮಾವ ಕೈಯಾಗಿನ ಸೀಟಿ ಕಿಸೆದಾಗ ಇಟ್ಟ. ಆಮ್ಯಾಲ ಕೇಳದ, "ಸೂರತದಾಗ ಖೋಲಿ ಹ್ಯಾಂಗ ಹುಡಕಿದ್ಯೋ, ಯಾರ ಗುರತಿಲ್ಲದ ಊರಾಗ?" "ಮಾತಾಡಿ ಮಾವಾ. ಚಹಾದ ಅಂಗಡ್ಯಾಗ ನಿಂತು ಮಾತಾಡಿದ್ರ ಏನರ ಸಿಗತೈತಿ." "ಪುಣೆದಾಗ ಕೆಲಸ?" "ಹಂಗ." ಮಾವ ನಗಾಕ ಚಾಲೂ ಮಾಡಿದ. "ನಾ ಜಲ್ಮಾ ಪೂರಾ ಅದನ್ನ ಮಾಡೀನಲ್ಲೋ ಹುಚ್ಚಾ!" ಅಂದ.

 ಹಿಂಡಿನ ಕೆಲಸ ಅಂದ್ರ ಹಿಂದ ನಡ್ಯೂದು ಅಂತನ ನಾ ತಿಳಕೊಂಡಿದ್ದೆ. ಮಾವ ಯಾವತ್ತರ ಹಿಂಡಿನ ಹಿಂದ ನಡದಿದ್ದನ್ನ ನೀ ನೋಡಿಯೇನು? ಬೆಳಿಗ್ಗೆ ಎದ್ದು ಮುಂದ ಹೋದಾಂವ, ಹೊಸಾ ಊರು, ಹೊಸಾ ಮಂದಿ, ಸಂಜೀಕ ಹೊಲದ ಬಾಯಾಗ ನಿಂತಿರ್ತಿದ್ದ.

ಎಲ್ಲಾ ಕೇಳಿಕೊಂಡೆ. "ಹೊಲ ಮೊದಲ ಕೇಳಬ್ಯಾಡ. ನೀರ ಕೇಳು. ನೀರ ಕೊಟ್ಟಾಂವ ಮಾತೂ ಕೊಡ್ತಾನ. ಬಾಜೂ ಹೊಲ ಯಾರದು, ಏನ ನಿಂತೈತಿ ಅಂತ ನೋಡಿಕೊಂಡ ಹ್ಞೂಂ ಅನ್ನು. ನಿಮ್ಮಪ್ಪನ ಹೆಸರ ಕಡೀಕ ಹೇಳು, ಮೊದಲ ಹೇಳಿ ಸಸ್ತಾ ಮಾಡಬ್ಯಾಡ." ಸ್ವಪ್ನಿಲ ತನ್ನ ಗಾಡಿ ಕೊಡ್ತೀನಿ ಅಂದಾನ, ಪೆಟ್ರೋಲ್ ನಂದು.

ಬಂಡೆಪ್ಪಗ ಫೋನ್ ಮಾಡಿದೆ. "ನಿನ್ನ ಜಾಗಾ ನಾಳೆನ ಬ್ಯಾರೆವಗ ಕೊಡ್ತೀನಿ, ತಿರುಗಿ ಸಿಗಂಗಿಲ್ಲ, ವಿಚಾರ ಮಾಡು" ಅಂದ. ಮಾಡೀನಿ ಅಂದೆ. "ಹೊಸಾ ಮಗ್ಗ ಬಿಟ್ಟು ಕುರಿ ಹಿಂದ ಹೋಗ್ತಿಯೇನೋ?" ಅಂದ. "ಹಿಂದ ಅಲ್ಲ ಮುಕಾದಮ," ಅಂದೆ, "ಮುಂದ."

ಧರೆಪ್ಪಗ ಬರಬ್ಯಾಡ ಅನ್ನು. ಅಪ್ಪ ಏನಂತಾನ ಕೇಳು. ಅಪ್ಪ ಬ್ಯಾಡ ಅಂದ್ರ ನಂಗ ಅದೂ ಹೋತು, ಇದೂ ಹೋತು.


ಪ್ರಣಿತಾಳ ಪತ್ರ, ವಾಗದರಿಯಿಂದ
೧೬ ನವೆಂಬರ್ ೨೦೨೪

ತಮ್ಮಾ,

ನಿನ್ನ ಧ್ವನಿಯನ್ನು ಹಾಗೆಯೇ ಅಪ್ಪನ ಕೈಗೆ ಕೊಟ್ಟೆ. ಮಾವನ ಕಣ್ಣಿನ ಮಾತು ಬಂದಾಗ ಅಪ್ಪ ಫೋನನ್ನು ನನ್ನ ಕೈಗೆ ಮರಳಿಸಿ ಹಟ್ಟಿಗೆ ಹೋದ. ಅಲ್ಲಿ ಬಹಳ ಹೊತ್ತು ಕುರಿಗಳ ಜೊತೆ ಏನೋ ಮಾತಾಡುತ್ತಿದ್ದ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಒಬ್ಬನೇ ಕುಂಭಾರಿಗೆ ಹೋಗಿ ಬಂದ. ಇಬ್ಬರೂ ಏನು ಮಾತಾಡಿದರೆಂದು ಅವ್ವ ಕೇಳಿದ್ದಕ್ಕೆ, "ಕುಂತಿದ್ವಿ" ಎಂದ.

ನಿನ್ನ ವಿಷಯಕ್ಕೆ ಅವ್ವ ಪಟ್ಟು ಹಿಡಿದು ಉತ್ತರ ಕೇಳಿದಳು. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಂವ ಭಾಳ ಜೋರ ಹೋಗ್ತಾನ. ಕುರಿ ನಡದು ಮುಟ್ಟೋವಷ್ಟ ದೂರನ ಹೋಗಾಕ ಹೇಳು."

ಅವ್ವ ಕುದುರೆಗೆ ಹೇರುವ ಹಗ್ಗ ಬಿಚ್ಚಿ ಗಟ್ಟಿ ಇದೆಯೇ ಎಂದು ಎಳೆದು ನೋಡುತ್ತಿದ್ದಾಳೆ. ಸೋಮವಾರ ಹೊರಡುತ್ತಾರೆ. ಧರೆಪ್ಪನಿಗೆ ನಾನೇ ಫೋನು ಮಾಡಿದೆ. ಬೈದ. ಬೈಸಿಕೊಂಡೆ.

ಪ್ರಣಿತಾ


ಮೈಲಾರಿಯ ಧ್ವನಿ ಸಂದೇಶ, ಅಪ್ಪನಿಗೆ, ಭೀಮಾ ಹೊಳೆಯ ದಂಡೆಯಿಂದ
೨೧ ನವೆಂಬರ್ ೨೦೨೪

ಅಪ್ಪಾ, ನಾ ಮೈಲಾರಿ. ಅವ್ವನ ಫೋನಿಗಿ ಕಳಸಾಕತ್ತೀನಿ, ಆಕಿ ಹಚ್ಚಿ ಕೇಳಸ್ತಾಳ. ನೀ ಉತ್ತರ ಕೊಡೂದ ಬ್ಯಾಡ, ಬರೇ ಕೇಳು.

ಮೊದಲನೇ ಹೊಲದಾಂವ ಇಲ್ಲ ಅಂದ. ತಪ್ಪ ನಂದ, ಗಾಡಿ ಇಳ್ಯೂಕಿಂತ ಮೊದಲ ಹೊಲ ಕೇಳಿದೆ. ಎರಡನೇದು ಮುದುಕಿದು. ನೀರ ಕೇಳಿದೆ. ನೀರ ಕೊಟ್ಟು, ಬೆಲ್ಲ ಕೊಟ್ಟು, ಯಾವೂರಪ್ಪಾ ಅಂದ್ಳು. ಸೂರತದ ಸುದ್ದಿ ಹೇಳಿದೆ, ಪುಣೆದ ಸುದ್ದಿ ಹೇಳಿದೆ. ಅಮೇರಿಕಾದಾಗ ಓಟ ವಾರದಲೆ ಅಳೀತಾರ ಅಂದ್ರ ನಕ್ಕು ನಕ್ಕು ಸೆರಗ ಬಾಯಿಗಿ ಇಟ್ಟಕೊಂಡ್ಳು. ಕಡೀಕ ಯಾರ ಮಗ ಅಂದ್ಳು. ವಾಗದರಿ ರೇವಣ್ಣನ ಮಗ ಅಂದೆ.  "ಭೀಮಣ್ಣನ ಕೂಡ ಬರ್ತಾನಲ್ಲ, ಆ ಮಾತಾಡದಾಂವ? ಅವನ ಕುರಿ ನಿಂತ ಬೆಳಿಗಿ ಬಾಯಿ ಹಾಕಂಗಿಲ್ಲ, ಒಂದ ಸಲ ಹಾಕಿದ್ವು, ಅಂವ ಬೈಸಿಕೊಂಡು ನಿಂತಿದ್ದನ್ನ ಊರ ಮಂದಿ ನೋಡ್ಯಾರ. ಮೂರ ರಾತ್ರಿ ಕುರಿ ಕೂಡಸು" ಅಂದ್ಳು.

ಕಬ್ಬ ಕಡದ ಹೊಲ, ಸೋಗಿ ಬಿದ್ದೈತಿ. ಬಾವಿಯಾಗ ನೀರೈತಿ. ಬಲಕ್ಕ ಅವರ ಭಾವನ ತೊಗರಿ ನಿಂತೈತಿ, ಬೇಲಿ ಇಲ್ಲ. ಹೊಳಿ ಮ್ಯಾಲಿನ ಪೂಲ್ ದಾಟಿದ ಕೂಡ್ಲೆ ಬೇವಿನ ಗಿಡ ಬರತೈತಿ, ಅಲ್ಲಿ ದಾರಿ ಎರಡಾಗತೈತಿ. ದೊಡ್ಡ ದಾರಿ ನೋಡಿ ಕುರಿ ಬಲಕ್ಕ ಎಳೀತಾವು, ಬಿಡಬ್ಯಾಡ. ನಾ ತೊಗರಿ ಕಡಿ ಅಡ್ಡ ನಿಂತಿರ್ತೀನಿ.

ನೀ ಎಡಕ್ಕ ಬಾ ಅಪ್ಪಾ.